ತಂಬೆಲರು ಬಡಾವಣೆಯ ಬಿಸಿಲು

ತಂಬೆಲರು ಬಡಾವಣೆ, ನಾಲ್ಕನೇ ಸಾಲು
ಫೆಬ್ರವರಿ ೩೦, ೨೧೭೪

ತಂಬೆಲರು ಬಡಾವಣೆಯಲ್ಲಿ ನಿವೇಶನ ಕೊಂಡು, ಈಗಷ್ಟೇ ಮನೆಗಳಿಗೆ ಪಾಯ ಹಾಕುತ್ತಿರುವ ನಮ್ಮ ಹಿರಿಯರಿಗೆ ನಾಲ್ಕನೇ ಸಾಲಿನ ಜುಂಜಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನನ್ನ ಅಜ್ಜಿಯ ಕಾಲದಲ್ಲಿ ಕ್ಯಾಲೆಂಡರನ್ನು ಸರಿಮಾಡಿದರು. ಮೂವತ್ತೊಂದು ದಿನ ಇಟ್ಟುಕೊಂಡು ಮೆರೆಯುತ್ತಿದ್ದ ಎರಡು ತಿಂಗಳುಗಳಿಂದ ಒಂದೊಂದು ದಿನ ಕಿತ್ತು ಬಡಪಾಯಿ ಫೆಬ್ರವರಿಗೆ ಕೊಟ್ಟರು. ಹಾಗಾಗಿ ನಿಮಗೆ ಎಂದೂ ಬಾರದ ದಿನದಲ್ಲಿ ಕೂತು ನಾನು ಈ ಕಾಗದ ಬರೆಯುತ್ತಿದ್ದೇನೆ. ನನ್ನ ಮಾತೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ನಿಮಗೂ ನಮಗೂ ನಡುವೆ ಐದಾರು ತಲೆಮಾರು ಈ ಕನ್ನಡವನ್ನು ಆಡಿ ಸವೆಸಿದೆ, ಹೊಸದನ್ನೂ ಸೇರಿಸಿದೆ. ಆದಷ್ಟು ನಿಮ್ಮ ಕಾಲದ ಪದಗಳನ್ನೇ ಹುಡುಕಿ ಬರೆದಿದ್ದೇನೆ. ನಮ್ಮ ಕಾಲದ ಪದ ನುಸುಳಿದರೆ ಅಲ್ಲೇ ಬಿಡಿಸಿ ಹೇಳುತ್ತೇನೆ, ಮನ್ನಿಸಬೇಕು. ಹಿಂದಿನವರಿಗೆ ಕಾಗದ ಕಳಿಸುವ ವಿದ್ಯೆ ನಮಗೂ ಹೊಸದೇ. ತುಮಕೂರಿನಲ್ಲಿ ಅದನ್ನು ಕಂಡುಹಿಡಿದವರು 'ಹಿಂದಂಚೆ' ಎನ್ನುತ್ತಾರೆ. ಒಂದು ಬಡಾವಣೆಗೆ ಒಂದೇ ಕಾಗದ ಎಂದು ಅವರ ಕಟ್ಟಪ್ಪಣೆ. ಯಾರು ಬರೆಯಬೇಕು ಎಂದು ಸಭೆ ಸೇರಿದಾಗ ಎಲ್ಲರೂ ನನ್ನ ಕಡೆಗೇ ಕೈ ತೋರಿಸಿದರು. ಚೆನ್ನಾಗಿ ಬರೆಯುತ್ತೇನೆ ಎಂದಲ್ಲ, ಮಾತು ಜಾಸ್ತಿ ಎಂದು. ಅದಕ್ಕೆ ನನಗೇನೂ ಬೇಸರವಿಲ್ಲ.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ನೀವು ನೆಟ್ಟ ಗಿಡಗಳು ಬದುಕಿದವು. ಈ ಹೊತ್ತು ನಿಮ್ಮ ಕಣ್ಣ ಮುಂದೆ ಏನಿದೆ ಎಂಬುದು ನಮಗೆ ಗೊತ್ತು. ಸಿರಾ ರಸ್ತೆಯ ಪಕ್ಕದಲ್ಲಿ ಕೆಂಪು ಮಣ್ಣಿನ ಬಯಲು, ಸುಣ್ಣ ಬಳಿದ ಗಡಿಕಲ್ಲುಗಳು, ಸುತ್ತ ಬಿದಿರಿನ ತಟ್ಟಿ ಕಟ್ಟಿದ ಮೊಣಕಾಲೆತ್ತರದ ಸಸಿಗಳು, ಕೆಲಸ ಮುಗಿಸಿ ಬಂದು ಕ್ಯಾನಿನಲ್ಲಿ ನೀರು ಹೊತ್ತು ಹಾಕುವ ನೀವು. ನೋಡಲು ಬಂದ ನೆಂಟರು "ಇದೇನ್ರೀ, ಕಾಗೆ ಕೂರಕ್ಕೂ ಒಂದು ಕೊಂಬೆ ಇಲ್ವಲ್ಲ ಇಲ್ಲಿ" ಎಂದು ಮೂಗು ಮುರಿದು ಹೋಗಿದ್ದಾರೆ. ನಿವೇಶನ ಮಾರಿದವನು ಕೊಟ್ಟ ಬಣ್ಣದ ಬ್ರೋಷರಿನಲ್ಲಿ ಎರಡೂ ಬದಿಯ ಮರಗಳು ಕೊಂಬೆ ಕೂಡಿಸಿ ನಿಂತ ಬೀದಿಯ ಚಿತ್ರವಿದೆಯಲ್ಲ, ಅದನ್ನು ನೋಡಿದಾಗೆಲ್ಲ ನಿಮ್ಮ ಹೊಟ್ಟೆ ಉರಿಯುತ್ತದೆ. ಉರಿಸಿಕೊಳ್ಳಬೇಡಿ. ಆ ಚಿತ್ರ ಸುಳ್ಳಾಗಲಿಲ್ಲ, ತಡವಾಯಿತು ಅಷ್ಟೇ. ಆ ಬೀದಿಯಲ್ಲಿ ನಾನು ಇವತ್ತು ಬೆಳಿಗ್ಗೆ ನಡೆದು ಬಂದೆ. ನಿಜ ಹೇಳಬೇಕೆಂದರೆ ಚಿತ್ರಕ್ಕಿಂತ ಚೆನ್ನಾಗಿದೆ. ಚಿತ್ರದಲ್ಲಿ ಗಿಳಿಗಳ ಗಲಾಟೆ ಇರಲಿಲ್ಲ.

ಇಲ್ಲಿ ಬದುಕುವ ಸುಖವನ್ನು ನಿಮಗೆ ಹೇಗೆ ಹೇಳಲಿ. ನಮ್ಮ ಬಡಾವಣೆಗೆ ಗೇಟಿಲ್ಲ, ಕಾಂಪೌಂಡೂ ಇಲ್ಲ. ಗಾಡಿಗಳೆಲ್ಲ ಹೆದ್ದಾರಿಯ ಬದಿಯ ಗಾಡಿತಂಗಿನಲ್ಲೇ, ಅಂದರೆ ನಿಮ್ಮ ಪಾರ್ಕಿಂಗಿನಲ್ಲೇ, ನಿಲ್ಲಬೇಕು. ಒಳಗೆ ಓಡಾಡುವುದು ಕಾಲು, ಸೈಕಲ್ಲು ಮತ್ತು ನಡೆಮಂಚ. ನಡೆಮಂಚ ಎಂದರೆ ಮನುಷ್ಯರ ನಡಿಗೆಯಷ್ಟೇ ವೇಗದಲ್ಲಿ ತಾನಾಗಿ ಹೋಗುವ ತಗ್ಗಾದ ಮಂಚ, ಮುದುಕರನ್ನೂ ಅಕ್ಕಿ ಮೂಟೆಯನ್ನೂ ಒಂದೇ ಮರ್ಯಾದೆಯಿಂದ ಹೊರುತ್ತದೆ. ಓಣಿಗಳನ್ನು ನೀವು ಅಳತೆಕೋಲಿಟ್ಟು ನೇರ ಗೆರೆ ಎಳೆಯದೆ ಗಾಳಿ ಬರುವ ದಿಕ್ಕಿಗೆ ವಾರೆಯಾಗಿ ಎಳೆದಿರಿ. ಆಗ ಜನ ಆಡಿಕೊಂಡರಂತೆ, ರಸ್ತೆ ಸೊಟ್ಟ ಎಂದು. ಇವತ್ತು ಸಿರಾ ಪೇಟೆಯಲ್ಲಿ ಚಪ್ಪಲಿ ಕಾಲಿಗೆ ಅಂಟುವ ಬಿಸಿಲಿದ್ದರೂ ನಮ್ಮ ಜಗಲಿಯ ಮೇಲೆ ಕೂತವರು ಸೆರಗು ಹೊದ್ದುಕೊಳ್ಳುತ್ತಾರೆ. ಮಕ್ಕಳು ಶಾಲೆಗೆ ತಾವಾಗಿ ಹೋಗುತ್ತಾರೆ. ತಾಯಂದಿರು ಬಾಗಿಲಲ್ಲಿ ನಿಂತು ಕಾಯುವುದಿಲ್ಲ, ದಾರಿಯುದ್ದಕ್ಕೂ ಯಾರದೋ ಅಜ್ಜಿ, ಯಾರದೋ ಚಿಕ್ಕಪ್ಪ ಕೂತೇ ಇರುತ್ತಾರೆ. ಎದುರು ಮನೆಯವರ ಹೆಸರು ಗೊತ್ತಿಲ್ಲದೆ ಹತ್ತು ವರ್ಷ ಬದುಕುವುದು ನಿಮ್ಮ ಕಾಲದ ಪೇಟೆಗಳಲ್ಲಿ ಸಾಧ್ಯವಿತ್ತೆಂದು ಓದಿದೆ. ಇಲ್ಲಿ ಎದುರು ಮನೆಯವರ ಹುಳಿಗೆ ಉಪ್ಪು ಜಾಸ್ತಿಯಾದದ್ದು ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಅದೂ ಒಂದು ಸುಖವೇ, ನನ್ನ ಮನೆಯ ಹುಳಿಯಲ್ಲದಿದ್ದರೆ.

ಬಚ್ಚಲ ನೀರು ಮನೆಯ ಹಿಂದಿನ ಕಾಬಾಳೆ ಹೂಗಿಡದ ಪಾತಿಗಳ ಮೂಲಕ ಇಳಿದು, ಮರಳಿನಲ್ಲಿ ಸೋಸಿ, ನಡುವಿನ ಕೊಳಕ್ಕೆ ಬರುವಷ್ಟರಲ್ಲಿ ತಿಳಿಯಾಗಿರುತ್ತದೆ. ಬಾವಿಗಳಲ್ಲಿ ಬಗ್ಗಿದರೆ ಕೈಗೆ ನೀರು ಸಿಗುವ ಕಾಲವನ್ನು ನಾನು ಕಂಡಿದ್ದೇನೆ. ಪ್ರತಿ ಸಾಲಿಗೆ ಒಂದು ಕೂಡಡುಗೆಮನೆ ಇದೆ. ದಿನದ ಅಡುಗೆ ಅವರವರ ಮನೆಯಲ್ಲೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಹುರಿಹಿಟ್ಟು ಇಂಥದ್ದನ್ನು ಮಾತ್ರ ಎಲ್ಲರೂ ಸೇರಿ ಅಲ್ಲಿ ಮಾಡಿಕೊಳ್ಳುತ್ತೇವೆ. ನಾಲ್ಕನೇ ಸಾಲಿನ ಕೂಡಡುಗೆಮನೆಗೆ ನಾನೇ ಯಜಮಾನಿ. ಮದುವೆಯಾಗಿ ಇದೇ ಸಾಲಿನ ಇನ್ನೊಂದು ತುದಿಗೆ ಬಂದವಳು ನಾನು. ಬಂದ ದಿನದಿಂದ ನನ್ನ ಓರಗಿತ್ತಿ ಈರಕ್ಕನ ಜೊತೆ ಹಿಟ್ಟು ಕಲಸಿದ್ದೇನೆ, ಹಿಟ್ಟಿಗಿಂತ ಹೆಚ್ಚಾಗಿ ಜಗಳ ಕಲಸಿದ್ದೇನೆ. ನನ್ನ ಗಂಡನೂ ಅವಳ ಗಂಡನೂ ಅಣ್ಣತಮ್ಮಂದಿರು. ಇಬ್ಬರೂ ಈಗಿಲ್ಲ. ಒಂದೇ ಅಂಗಳದ ಎರಡು ಮನೆಗಳಲ್ಲಿ ನಾವಿಬ್ಬರೇ ಉಳಿದಿದ್ದೇವೆ. ಈ ಭೂಮಿಯ ಮೇಲೆ ನನಗೆ ಬೈಯುವ ಹಕ್ಕಿರುವುದು ಅವಳೊಬ್ಬಳಿಗೇ.

ಇನ್ನು ಹೆಸರುಮರದ ವಿಚಾರ ಹೇಳಬೇಕು, ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಇಲ್ಲಿ ಹುಟ್ಟಿದ ಪ್ರತಿ ಮಗುವಿಗೆ ನಾಮಕರಣದ ದಿನ ಒಂದು ಗಿಡ ನೆಡುತ್ತೇವೆ. ಮಗುವಿಗೆ ಇಟ್ಟ ಹೆಸರೇ ಗಿಡಕ್ಕೂ. ಇದನ್ನು ಶುರುಮಾಡಿದವರು ನಿಮ್ಮ ಮಕ್ಕಳು. ಆ ಮರವನ್ನು ಯಾರೂ ಕಡಿಯುವಂತಿಲ್ಲ, ಹೆಸರಿನವರು ತಾವೇ ಬಾಯಿಬಿಟ್ಟು ಒಪ್ಪಿದರೆ ಮಾತ್ರ ಕಡಿಯಬಹುದು. ಅಂದಿನಿಂದ ಇಂದಿನವರೆಗೆ ಯಾರೂ ಒಪ್ಪಿರಲಿಲ್ಲ. ಕೇಳುವ ಧೈರ್ಯವನ್ನೂ ಯಾರೂ ಮಾಡಿರಲಿಲ್ಲ. ಮನುಷ್ಯರು ಹೋದ ಮೇಲೂ ಮರ ನಿಲ್ಲುತ್ತದೆ. ನನ್ನ ಗಂಡನ ಹೊಂಗೆ ಈಗಲೂ ನಮ್ಮ ಹಿತ್ತಲಲ್ಲಿದೆ, ಅದರ ಹೂವು ಗುಡಿಸುವಾಗ ಇವತ್ತಿಗೂ ನಾನು ಅವರನ್ನು ಬೈದುಕೊಳ್ಳುತ್ತೇನೆ. ಹೀಗೆ ಹುಟ್ಟಿದವರಿಗೆಲ್ಲ ಒಂದೊಂದು ಮರ ಸೇರಿ ಸೇರಿ ನಮ್ಮ ಬಡಾವಣೆ ಹಸಿರಾಯಿತು, ಆಮೇಲೆ ದಟ್ಟವಾಯಿತು, ಆಮೇಲೆ ಕತ್ತಲಾಯಿತು.

ಹೌದು, ಕತ್ತಲಾಯಿತು. ಎಡವಟ್ಟು ಆದದ್ದು ಅಲ್ಲೇ. ನೆರಳಿಲ್ಲದೆ ಬೆಂದ ನಿಮ್ಮ ಕಥೆ ಕೇಳಿ ಬೆಳೆದವರು ನಾವು, ನೆರಳು ಎಂದರೆ ಸಾಕು ಕಣ್ಣುಮುಚ್ಚಿ ಕೈ ಎತ್ತಿದೆವು. ಪ್ರತಿ ವರ್ಷ ಮರಗಳನ್ನು ಎಣಿಸಿ ಜಂಭಪಟ್ಟೆವು, ಬಿಸಿಲನ್ನು ಒಬ್ಬರೂ ಎಣಿಸಲಿಲ್ಲ. ಬೇಸಿಗೆಯಲ್ಲಿ ಸ್ವರ್ಗ. ಪುಷ್ಯ ಮಾಸ ಬಂತೆಂದರೆ ಒಗೆದ ಬಟ್ಟೆಗೆ ಮುಗ್ಗಲು ವಾಸನೆ, ಹಾಸಿಗೆಗೆ ಥಂಡಿ, ಸಂಡಿಗೆ ಮೂರು ದಿನವಾದರೂ ಮೆತ್ತಗೇ. ತಾರಸಿಗೆ ಹೋಗಬಹುದಲ್ಲ ಎನ್ನುತ್ತೀರಿ. ನಮ್ಮ ತಾರಸಿಗಳ ಮೇಲೆ ಮಣ್ಣು ಹಾಕಿ ಬಳ್ಳಿ ಹಬ್ಬಿಸಿದ್ದೇವೆ, ಅದರ ಮೇಲೆ ಮರಗಳು ಕೈ ಚಾಚಿವೆ. ತರಕಾರಿ ಬೆಳೆಯುವ ಬಯಲು ಬಡಾವಣೆಯಿಂದಾಚೆ, ಕೆರೆ ಏರಿಯ ಕೆಳಗೆ. ಕೊಳದ ನೀರಿನ ಮೇಲೆ ಬಿಸಿಲು ಬೀಳುತ್ತಿತ್ತು ನಿಜ, ಆದರೆ ಅಲ್ಲಿ ಕೂರಲು ನಾವು ಬಾತುಕೋಳಿಗಳಲ್ಲ.

ಸಂಡಿಗೆಯ ಮಾತಾಗಿದ್ದರೆ ನಾನು ಗೊಣಗಿಕೊಂಡು ಸುಮ್ಮನಾಗುತ್ತಿದ್ದೆ. ಹೋದ ಕಾರ್ತಿಕದಿಂದ ಈರಕ್ಕ ಗೋಡೆ ಹಿಡಿದು ನಡೆಯತೊಡಗಿದಳು. ಮೂಳೆ ಮೆತ್ತಗಾಗಿದೆ ಎಂದರು ವೈದ್ಯರು. ಮಾತ್ರೆ ಕೊಟ್ಟರು, ಬೆಳಕುಕೋಣೆಗೆ ಹೋಗಿ ದೀಪದ ಕೆಳಗೆ ಮಲಗಲು ಹೇಳಿದರು, ಎಲ್ಲಕ್ಕಿಂತ ಮುಖ್ಯವಾಗಿ ಬೆಳಗಿನ ಬಿಸಿಲಿನಲ್ಲಿ ಕೂತು ನಾಲ್ಕು ಹೆಜ್ಜೆ ಓಡಾಡಬೇಕು ಎಂದರು. ಈರಕ್ಕ ಪಾವಗಡದ ಕಡೆಯವಳು, ಬಟ್ಟ ಬಯಲಿನಲ್ಲಿ ಬೆಳೆದವಳು. ದೀಪದ ಕೆಳಗೆ ಎರಡು ದಿನ ಮಲಗಿ ಎದ್ದು ಬಂದು, "ಅದೇನ್ ಬೆಳಕೇ ಜುಂಜಿ, ಹೆಣ ಕಾದಂಗೈತೆ. ಬೆನ್ನಿಗೆ ಬಿಸ್ಲು ತಾಗ್ದೆ ನಂಗೆ ಬೆಳಗಾಯ್ತು ಅಂತ್ಲೇ ಅನ್ಸಾಕಿಲ್ಲ" ಎಂದಳು. ಮಾತು ಕಮ್ಮಿಯಾಯಿತು. ನಾನು ಬೇಕೆಂದೇ ಉಪ್ಪು ಜಾಸ್ತಿ ಹಾಕಿದ ಹಿಟ್ಟು ತಂದುಕೊಟ್ಟರೂ ಬೈಯಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಸಂಕ್ರಾಂತಿಗೆ ಮುಂಚೆ ಪಾವಗಡದ ತಮ್ಮನ ಮನೆಗೆ ಹೋಗಿಬಿಡುತ್ತೇನೆ ಎಂದು ಒಂದು ದಿನ ಹೇಳಿದಳು. ಬಂದು ಹೋಗುವ ಮಾತಲ್ಲ, ಇರಲು ಹೋಗುವ ಮಾತು.

ನಾನು ಸಭೆ ಕರೆಸಿದೆ. ನಮ್ಮ ಬಡಾವಣೆಗೊಂದು ಬಿಸಿಲಂಗಳ ಬೇಕು, ಅದಕ್ಕಾಗಿ ಒಂದೆರಡು ಮರ ಹೋದರೂ ಹೋಗಲಿ ಎಂದೆ. ಜನ ಬೆಚ್ಚಿಬಿದ್ದರು. ಬಡಾವಣೆಯ ಅಧ್ಯಕ್ಷ ಚಂದ್ರಹಾಸ ಒಳ್ಳೆಯ ಮನುಷ್ಯ, ಎಲೆ ಉದುರಿದರೂ ಬಗ್ಗಿ ಎತ್ತಿಡುವ ಪೈಕಿ. ಎದ್ದು ನಿಂತು, "ನೋಡಿ ಜುಂಜಮ್ಮ, ಈ ಮಣ್ಣಲ್ಲಿ ಇವತ್ತಿನವರೆಗೂ ಒಂದು ಮರದ ಮೇಲೆ ಕೊಡಲಿ ಬಿದ್ದಿಲ್ಲ. ನಿಮ್ ಸಂಡಿಗೆಗೋಸ್ಕರ ಬೀಳ್ಬೇಕಾ? ಒಣಪೆಟ್ಟಿಗೆ ಇಲ್ವಾ?" ಎಂದರು. ಒಣಪೆಟ್ಟಿಗೆ ಎಂದರೆ ಹಿಟ್ಟು ಕಾಳು ಒಣಗಿಸುವ ನಮ್ಮ ಕಾಲದ ಯಂತ್ರ. ನನಗೆ ಸಿಟ್ಟು ನೆತ್ತಿಗೇರಿತು. "ಸಂಡಿಗೆ ಪೆಟ್ಟಿಗೇಲಿ ಒಣಗುತ್ತೆ ಸ್ವಾಮಿ. ಈರಕ್ಕನ್ನ ಯಾವ ಪೆಟ್ಟಿಗೇಲಿ ಹಾಕ್ತೀರಿ?" ಎಂದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಒಬ್ಬೊಬ್ಬರೇ ಎದ್ದು ತಮ್ಮ ಮನೆಯ ಮುದುಕರ ಕೀಲು, ಕೂಸುಗಳ ಕೆಮ್ಮು, ಒಣಗದ ಕೌದಿಗಳ ಪುರಾಣ ತೆಗೆದರು. ಕೊನೆಗೆ ಚಂದ್ರಹಾಸರೇ ಒಪ್ಪಿದರು. ಎಲ್ಲಿ ಕಡಿಮೆ ಮರ ಹೋಗಿ ಹೆಚ್ಚು ಬಿಸಿಲು ಬರುತ್ತದೋ ಆ ಜಾಗವನ್ನು ನಮ್ಮ ಮರವೈದ್ಯ ದಾದಾಪೀರ್ ಹುಡುಕಲಿ, ಅವರು ಹೇಳಿದ ಮರದ ಹೆಸರಿನವರು ಒಪ್ಪಿದರೆ ಕಡಿಯೋಣ ಎಂದು ತೀರ್ಮಾನವಾಯಿತು. ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಒಪ್ಪದವರ ಮನೆ ಬಾಗಿಲಿಗೆ ಹೋಗಿ ಕೂರುತ್ತೇನೆ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಸಾರಿದೆ.

ದಾದಾಪೀರ್ ವಾರಗಟ್ಟಲೆ ದಾರ, ಗೂಟ ಹಿಡಿದು ನೆರಳಿನ ಹಿಂದೆ ಅಲೆದರು. ಆಮೇಲೆ ಎಲ್ಲರನ್ನೂ ಬಡಾವಣೆಯ ನಡುವಿನ ಜಾಗಕ್ಕೆ ಕರೆದರು. ನಿಮಗೆ ಆ ಜಾಗ ಗೊತ್ತು. ಕೊಳಕ್ಕೆಂದು ನೀವು ಅಗೆಸುತ್ತಿರುವ ಹಳ್ಳದ ಪಕ್ಕದಲ್ಲಿ, ಸಮುದಾಯ ಭವನಕ್ಕೆಂದು ಬಿಟ್ಟುಕೊಂಡಿರುವ ದೊಡ್ಡ ನಿವೇಶನ. ಭವನ ಏಳಲೇ ಇಲ್ಲ. ಅಲ್ಲಿ ಹುಲ್ಲು, ಪಾಚಿ, ಒದ್ದೆ ನೆಲ. ಕೊಳದ ಕಡೆಯಿಂದ ಬೆಳಗಿನ ಬಿಸಿಲು ನೀರಿನ ಮೇಲೆ ಹಾದು ಬಂದು ಇಡೀ ಜಾಗವನ್ನು ತುಂಬಬೇಕಿತ್ತು. ನಡುವೆ ಅಡ್ಡ ನಿಂತಿದ್ದದ್ದು ಒಂದೇ ಮರ, ಆಗ್ನೇಯ ಮೂಲೆಯ ನೇರಳೆ. ಚಳಿಗಾಲದ ಬೆಳಿಗ್ಗೆ ಅದರ ನೆರಳು ಆ ನಿವೇಶನದ ಈ ತುದಿಯಿಂದ ಆ ತುದಿಗೆ ಮಲಗುತ್ತದೆ ಎಂದು ದಾದಾಪೀರ್ ದಾರ ಎಳೆದು ತೋರಿಸಿದರು. "ಒಂದೇ ಮರ ಕಣಮ್ಮ. ಯಾರದು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ" ಎಂದು ತಲೆ ತಗ್ಗಿಸಿದರು.

ಹೇಳಬೇಕಾಗಿರಲಿಲ್ಲ. ಅದು ನನ್ನದು. ಅದರ ಹೆಸರು ಜುಂಜಮ್ಮ.

ಎಲ್ಲರೂ ಮರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ನನಗೆ ಮಾತು ಹೊರಡಲಿಲ್ಲ. ಯಾರಾದರೂ ನಕ್ಕಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು, ಒಬ್ಬರೂ ನಗಲಿಲ್ಲ. ಚಂದ್ರಹಾಸರು ಹತ್ತಿರ ಬಂದು, "ಬೇರೆ ಜಾಗ ನೋಡೋಣ ಬಿಡಿ ಜುಂಜಮ್ಮ" ಎಂದರು. ಬೇರೆ ಜಾಗದಲ್ಲಿ ಎಂಟು ಹತ್ತು ಮರ ಹೋಗುತ್ತವೆ, ಎಂಟು ಹತ್ತು ಜನರ ಹೆಸರು ಹೋಗುತ್ತದೆ ಎಂದು ದಾದಾಪೀರ್ ಆಗಷ್ಟೇ ಹೇಳಿದ್ದರು. ನಾನು ಮನೆಗೆ ಹೊರಟುಬಂದೆ.

ಆ ಮರದ ಬಗ್ಗೆ ನಿಮಗೆ ಹೇಳಬೇಕು, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಐದು ವರ್ಷದವರೆಗೆ ನಾವಿಬ್ಬರೂ ಒಂದೇ ಎತ್ತರ ಇದ್ದೆವಂತೆ. ಆಮೇಲೆ ಅದು ನನ್ನನ್ನು ಬಿಟ್ಟು ಮೇಲೆ ಹೋಯಿತೆಂದು ನಾನು ಅತ್ತು ರಂಪ ಮಾಡಿದ್ದೆನೆಂದು ಅಮ್ಮ ಹೇಳುತ್ತಿದ್ದಳು. ನನ್ನ ಮದುವೆಯ ಚಪ್ಪರಕ್ಕೆ ಒಂದು ಕಡೆ ಕಂಬವೇ ನೆಡಲಿಲ್ಲ, ಅದರ ಕೊಂಬೆಗೇ ಕಟ್ಟಿದರು. ಗಂಡ ತೀರಿಕೊಂಡ ವರ್ಷ ಮನೆಯೊಳಗೆ ಇರಲಾರದೆ ಹಗಲೆಲ್ಲ ಅದರ ಬುಡದಲ್ಲೇ ಕೂತಿರುತ್ತಿದ್ದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಬಡಾವಣೆಯ ಮಕ್ಕಳ ನಾಲಿಗೆಯೆಲ್ಲ ನೀಲಿಯಾದರೆ, ಅವರೆಲ್ಲ ನನ್ನ ಹತ್ತಿರ ಬಂದು ಹೋಗಿದ್ದಾರೆಂದೇ ನನಗೆ ಅನ್ನಿಸುತ್ತಿತ್ತು. ಎಲ್ಲರೂ ಚದುರಿದ ಮೇಲೆ ಮರಳಿ ಹೋಗಿ ಅದರ ಬುಡದಲ್ಲಿ ಕೂತು ಅತ್ತೆ. ಈರಕ್ಕನ ಮೇಲೆ ಸಿಟ್ಟು ಬಂತು, ದಾದಾಪೀರ್ ಮೇಲೆ ಸಿಟ್ಟು ಬಂತು, ಹೊಲ ಗದ್ದೆ ಬಿಟ್ಟು ಇಲ್ಲಿಗೇ ಬಂದು ಗಿಡ ನೆಟ್ಟ ನಿಮ್ಮ ಮೇಲೂ ಬಂತು. ಸುಳ್ಳು ಹೇಳುವುದಿಲ್ಲ, ನಿಮ್ಮನ್ನು ಚೆನ್ನಾಗಿಯೇ ಬೈದೆ.

ಈರಕ್ಕ ಗೋಡೆ ಹಿಡಿದುಕೊಂಡು, ನಡೆಮಂಚ ಏರಿ ಅಲ್ಲಿಗೇ ಬಂದಳು. ಪಕ್ಕದಲ್ಲಿ ಕೂತು, "ಬ್ಯಾಡ ಕಣೇ ಜುಂಜಿ. ನಂಗೆ ಎಪ್ಪತ್ತಾಯ್ತು. ತಮ್ಮನ ಮನೇಲಿ ಬಿಸ್ಲಿಗೇನು ಬರ. ನಾಡಿದ್ದು ಹೊಂಡ್ತೀನಿ" ಎಂದಳು. "ಅಲ್ಲಿ ನಿನ್ ಜೊತೆ ಜಗಳ ಆಡೋರು ಯಾರವ್ರೆ?" ಎಂದು ಕೇಳಿದೆ. ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ಅವಳನ್ನು ಮನೆಗೆ ಬಿಡಲು ಹೋದಾಗ ನೋಡಿದೆ, ಸೀರೆಗಳನ್ನು ಮಡಿಸಿ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು. ಗಂಟಿನ ಮೇಲೆ ನನ್ನ ಉಪ್ಪಿನಕಾಯಿ ಜಾಡಿ. ಕೇಳದೆಯೇ ತೆಗೆದುಕೊಂಡಿದ್ದಳು, ಕಳ್ಳಿ. ಆ ಜಾಡಿ ನೋಡಿದ ಮೇಲೆ ನನಗೆ ಯೋಚನೆ ಮಾಡುವುದು ಏನೂ ಉಳಿಯಲಿಲ್ಲ. ನೆಟ್ಟಗೆ ದಾದಾಪೀರ್ ಮನೆಗೆ ಹೋಗಿ, ಚಂದ್ರಹಾಸರನ್ನೂ ಅಲ್ಲಿಗೇ ಕರೆಸಿ, "ನನ್ನ ಮರ ಕಡೀರಿ. ನಾನೇ ಹೇಳ್ತಿದೀನಿ" ಎಂದೆ.

ಕಡಿಯೋಣ ಎಂದರೆ ಬಡಾವಣೆಯಲ್ಲಿ ಒಂದು ಕೊಡಲಿ ಇಲ್ಲ. ನೂರೈವತ್ತು ವರ್ಷದಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮರ ಬೀಳಿಸುವುದು ಹೇಗೆ ಎಂದು ತಿಳಿದವರೂ ಇಲ್ಲ. ಸಿರಾದಿಂದ ಇಬ್ಬರನ್ನು ಕರೆಸಿದೆವು. ಅವರು ಬಂದು ಸುತ್ತ ನೋಡಿ, "ಇಷ್ಟು ಮರ ಇಟ್ಕೊಂಡು ಒಂದಕ್ಕೆ ಈ ಪಾಟಿ ಅಳ್ತೀರಲ್ರೀ" ಎಂದರು. ದಾದಾಪೀರ್ ಕೊಂಬೆ ಕೊಂಬೆ ಹತ್ತಿ ಗೂಡು ಮೊಟ್ಟೆ ಏನೂ ಇಲ್ಲವೆಂದು ನೋಡಿ ಇಳಿದರು. ನಾನು ಅರಿಶಿನ ಹಚ್ಚಿ, ಬುಡಕ್ಕೆ ನೀರು ಹಾಕಿ, ಕೈಮುಗಿದೆ. ಬೀಳುವುದನ್ನು ನೋಡಲಾರೆ ಎಂದುಕೊಂಡಿದ್ದೆ. ಆದರೂ ನಿಂತು ನೋಡಿದೆ, ನನ್ನ ಮರ ಒಂಟಿಯಾಗಿ ಬೀಳಬಾರದು ಎನ್ನಿಸಿತು. ಈರಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಹಿಡಿತ ಆಗಲೂ ಗಟ್ಟಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಕೊಳದ ಕಡೆಯಿಂದ ಬಿಸಿಲು ಬಂತು. ಯಾವ ಅಡ್ಡಿಯೂ ಇಲ್ಲದೆ ನೆಲದ ಮೇಲೆ ಬಂದು ನಿಂತಿತು, ಇಡೀ ನಿವೇಶನದ ತುಂಬ. ಒದ್ದೆ ಹುಲ್ಲಿನಿಂದ ಹಬೆಯೇಳುತ್ತಿತ್ತು. ಇನ್ನೂ ಮಾತು ಬಾರದ ಕೂಸೊಂದು ತನ್ನ ಇಡೀ ನೆರಳನ್ನು ಮೊದಲ ಸಲ ಕಂಡು ಬೆದರಿ ತಾಯಿಯ ಸೀರೆ ಹಿಡಿದುಕೊಂಡಿತು. ಈರಕ್ಕ ಚಾಪೆ ಹಾಸಿ, ಬಿಸಿಲಿಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಳು. ಎಷ್ಟೋ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದಳು. ಆಮೇಲೆ, "ನಿಂತ್ಕಂಡ್ ಏನ್ ನೋಡ್ತೀಯೆ, ಹಿಟ್ಟು ತಗಂಬಾ. ಬಿಸ್ಲು ಹೋಯ್ತದೆ" ಎಂದು ನನಗೆ ಗದರಿದಳು. ಎರಡು ತಿಂಗಳಾದ ಮೇಲೆ ಕೇಳಿದ ಗದರಿಕೆ. ನಾನು ಓಡಿದೆ ಎಂದರೆ ಓಡಿದೆ.

ಮಧ್ಯಾಹ್ನದೊಳಗೆ ಬಡಾವಣೆಗೆ ಬಡಾವಣೆಯೇ ಅಲ್ಲಿತ್ತು. ಮೆಣಸಿನಕಾಯಿ, ಗೋಧಿ, ಕೌದಿ, ದಿಂಬು, ನಿಂಬೆಕಾಯಿ ಭರಣಿ, ಬಾಣಂತಿಯರ ಕೂಸುಗಳು, ಮುದುಕರ ಮಂಡಿಗಳು, ಎಲ್ಲವೂ ಬಿಸಿಲಿಗೆ ಬಂದವು. ಚಂದ್ರಹಾಸರು ತಮ್ಮ ತಾಯಿಯ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ತಂದು ಹಾಸಿ, ತಾವೂ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕೂತು, "ಇದು ಇಷ್ಟು ಚೆನ್ನಾಗಿರುತ್ತೆ ಅಂತ ಯಾಕೆ ಯಾರೂ ಹೇಳ್ಲಿಲ್ಲ" ಎಂದರು. ನಾನು ಹೇಳಿದ್ದೆ, ಆದರೆ ಅವತ್ತು ಜಗಳ ಬೇಡವೆನ್ನಿಸಿತು. ಈ ಮಾತಿಗೆ ಈಗ ತಿಂಗಳು ಮೇಲಾಯಿತು. ಈರಕ್ಕನ ಗಂಟು ಬಿಚ್ಚಿ ಸೀರೆಗಳು ಗೂಟಕ್ಕೆ ಹೋದವು. ಅವಳು ಈಗ ಗೋಡೆ ಬಿಟ್ಟು ಕೋಲು ಹಿಡಿದಿದ್ದಾಳೆ, ಕೋಲನ್ನು ನಡೆಯುವುದಕ್ಕಿಂತ ಸಂಡಿಗೆಗೆ ಬರುವ ಕಾಗೆ ಓಡಿಸಲು ಹೆಚ್ಚು ಬಳಸುತ್ತಾಳೆ. ಮೂಳೆ ಸುಧಾರಿಸುತ್ತಿದೆ ಎಂದು ವೈದ್ಯರು ಹೇಳಿದ್ದಾರೆ. ನಾಲಿಗೆ ಪೂರ್ತಿ ಸುಧಾರಿಸಿದೆ ಎಂದು ನಾನೇ ಹೇಳಬಲ್ಲೆ. ಬೇರೆ ಸಾಲುಗಳವರೂ ಬಿಸಿಲಂಗಳ ಕೇಳುತ್ತಿದ್ದಾರೆ. ಅವರಿಗೆ ಕೊಡಲಿ ಬೇಕಾಗುವುದಿಲ್ಲ. ಹಳೆಯ ಮರಗಳು ತಾವಾಗಿ ಬಿದ್ದಲ್ಲಿ ಹೊಸದು ನೆಡದೆ ಬಿಡುತ್ತೇವೆ, ಹೊಸ ಕೂಸುಗಳ ಮರಗಳನ್ನು ಕೆರೆಯ ಆಚೆ ದಡಕ್ಕೆ ಒಯ್ಯುತ್ತೇವೆ. ಆ ದಡವೂ ನಿಮ್ಮ ಬಯಲಿನಂತೆಯೇ ಬೋಳಾಗಿದೆ ಈಗ, ಅಲ್ಲಿಗೂ ಮನೆಗಳು ಬರುತ್ತವೆ. ನೆರಳನ್ನೂ ಬಿಸಿಲನ್ನೂ ಎರಡನ್ನೂ ಎಣಿಸುವ ಊರು ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ, ಇದನ್ನು ನಾನು ಜಂಭದಿಂದಲೇ ಬರೆಯುತ್ತಿದ್ದೇನೆ.

ಈಗ ನನ್ನ ಬೇಡಿಕೆ. ಮರ ಉರುಳಿದ ಮೇಲೆ ನಾನು ದಾದಾಪೀರ್ ಅವರನ್ನು ಕೇಳಿದೆ, ನನ್ನ ಅಪ್ಪ ಅಮ್ಮ ಆ ಮೂಲೆಯನ್ನೇ ಯಾಕೆ ಆರಿಸಿದರು ಎಂದು. ಅವರು ಆರಿಸಲಿಲ್ಲವಂತೆ. ನೀವು ಬರೆದ ಮೊದಲ ನಕ್ಷೆಯಲ್ಲಿ ಎಲ್ಲೆಲ್ಲಿ ಮರ ಬರಬೇಕೋ ಅಲ್ಲೆಲ್ಲ ಹಸಿರು ಚುಕ್ಕೆ ಇಟ್ಟಿದ್ದೀರಿ. ಆ ಚುಕ್ಕೆಗಳಲ್ಲಿ ಗುಂಡಿ ತೆಗೆದು, ಒಂದೊಂದು ಕೂಸು ಹುಟ್ಟಿದಂತೆ ಒಂದೊಂದನ್ನು ತುಂಬುತ್ತ ಬಂದರು. ನಾನು ಹುಟ್ಟಿದಾಗ ಸರದಿಗೆ ಬಂದದ್ದು ಆ ಚುಕ್ಕೆ. ಈ ಕಾಗದ ತಲುಪುವ ಹೊತ್ತಿಗೆ ಆ ಮರಗಳ ನಕ್ಷೆ ಇನ್ನೂ ಒಪ್ಪಿಗೆಯಾಗದೆ ನಿಮ್ಮ ಕೈಯಲ್ಲೇ ಇರುತ್ತದೆ ಎಂದು ಹಿಂದಂಚೆಯವರು ಹೇಳಿದರು.

ಅದಕ್ಕೆ ಕೈಮುಗಿದು ಕೇಳುತ್ತೇನೆ. ಎಷ್ಟು ಬೇಕಾದರೂ ಮರ ನೆಡಿ, ಒಂದೂ ದಂಡವಾಗುವುದಿಲ್ಲ. ನೀರು ಹೊರುವ ಕೈ ಸೋತಾಗ ನಮ್ಮನ್ನು ನೆನೆದುಕೊಳ್ಳಿ, ನಾವು ಅದರಡಿಯಲ್ಲಿ ಕೂತಿದ್ದೇವೆ. ಆದರೆ ನಡುವಿನ ನಿವೇಶನದಲ್ಲಿ ಭವನ ಬೇಡ, ಉದ್ಯಾನವೂ ಬೇಡ, ಖಾಲಿ ಬಿಡಿ. ಯಾಕೆ ಖಾಲಿ ಎಂದು ಕೇಳಿದವರಿಗೆ ಈರಕ್ಕ ಎಂಬಾಕೆ ಬಂದು ಕೂರುತ್ತಾಳೆ ಎಂದು ಹೇಳಿ. ಅದರ ಆಗ್ನೇಯ ಮೂಲೆಯಲ್ಲಿರುವ ಹಸಿರು ಚುಕ್ಕೆಯನ್ನು ಅಳಿಸಿ, ಉತ್ತರದ ಬದಿಗೆ ಇಡಿ. ಅಲ್ಲಿ ನಿಂತ ಮರ ಚಳಿಗಾಲದಲ್ಲಿ ಯಾರ ಬಿಸಿಲನ್ನೂ ಕೀಳುವುದಿಲ್ಲ. ಹಾಗೆ ಮಾಡಿದರೆ ನಾನು ಈ ಕಾಗದ ಬರೆಯುವುದೇ ಇಲ್ಲವೇನೋ, ಅದರ ತರ್ಕಕ್ಕೆ ತುಮಕೂರಿನವರು ತಲೆ ಕೆಡಿಸಿಕೊಳ್ಳಲಿ. ನನಗೆ ಬೇಕಾದದ್ದು ಇಷ್ಟೇ. ಓರಗಿತ್ತಿಯನ್ನು ನಾನೇ ಉಳಿಸಿಕೊಂಡೆ. ಮರವನ್ನು ನೀವು ಉಳಿಸಿಕೊಡಿ.

ಇಂತಿ, ಇನ್ನೂ ಹುಟ್ಟದ ನಿಮ್ಮ ಮಗಳು,
ಜುಂಜಮ್ಮ